ವೇದಶಾಲೆಗೆ ಹೋದ ಬುತ್ತಿ

“ಅನ್ನ ನಂದು, ನೀರು ನಂದು. ಓದು ಒಂದು ಮಾತ್ರ ಅವರ್ದು,” ಎಂದು ಮುನಿನಾರಾಯಣಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಕೇಳುವವರೇನೂ ಕಡಿಮೆಯಿರಲಿಲ್ಲ. ಅವಳ ಒಬ್ಬನೇ ಮಗ ಬಚ್ಚಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೂಲಿಯವರ ಹಾಜರಿ ಬರೆಯುವ ಕೆಲಸದಲ್ಲಿದ್ದ. ಒಂದು ದಿನ ಕೆಳಗಿಳಿದಿದ್ದಾಗ ಬಂಡೆ ಸಿಡಿದು ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಬಹಳ ಕಾಲ ಮಲಗಿದ್ದ. ಅಲ್ಲಿ ಹಾಸಿಗೆಯಿಂದ ಹಾಸಿಗೆಗೆ ಬಂದು ಸುವಾರ್ತೆ ಓದಿ ಹೇಳುವ ಒಬ್ಬ ಉಪದೇಶಿಯ ಪರಿಚಯವಾಯಿತು. ಕುಂಟುತ್ತ ಊರಿಗೆ ಬಂದವನು, ಇನ್ನು ಗಣಿಗೆ ಹೋಗುವುದಿಲ್ಲ, ಬಂಗಾರಪೇಟೆಯ ಪಾದ್ರಿಗಳ ವೇದಶಾಲೆಗೆ ಸೇರಿ ತಾನೂ ಉಪದೇಶಿಯಾಗುತ್ತೇನೆ ಎಂದ.

“ಕಾಲು ಮಾತ್ರ ಮುರೀತು ಅಂದ್ಕಂಡಿದ್ದೆ. ತಲೇನೂ ಬಿರುಕು ಬಿಟ್ಟೈತೆ,” ಎಂದು ತಂದೆ ಬೈರಪ್ಪ ಜಗಲಿಯಿಂದ ಎದ್ದು ಹೋದ.

ಸುದ್ದಿ ಮುಟ್ಟಿದ ಕೂಡಲೇ ಸೊಸೆ ಅಕ್ಕಯ್ಯಮ್ಮನ ತಂದೆ ಕೋದಂಡಪ್ಪ ಗಾಡಿ ಕಟ್ಟಿಕೊಂಡು ಬಂದ. ಮಗಳನ್ನೂ, ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ ಮೊಮ್ಮಗಳು ಸುಬ್ಬಿಯನ್ನೂ ಕರೆದುಕೊಂಡೇ ಹೋಗುತ್ತೇನೆ ಎಂದು ಕುಳಿತ. ಕುಲದ ಯಜಮಾನ ಅಶ್ವತ್ಥಪ್ಪ ನಡುವೆ ಬಂದು ಒಂದು ಕಟ್ಟು ಮಾಡಿದ. ಹುಡುಗ ಯುಗಾದಿಯವರೆಗೆ ಓದಿ ನೋಡಲಿ, ಓದಿದ್ದು ಮೈಗೆ ಅಂಟುವುದಿಲ್ಲ. ಆದರೆ ತಲೆಯ ಮೇಲೆ ಅವರ ದೀಕ್ಷೆಯ ನೀರು ಬೀಳಕೂಡದು. ಹೊಟ್ಟೆಗೆ ಮನೆಯ ಅನ್ನವಲ್ಲದೆ ಬೇರೆ ಹೋಗಕೂಡದು. ಇವೆರಡೂ ಮುರಿಯದೆ ಇರುವ ತನಕ ಹೆಂಡತಿ, ಮಗು ಈ ಮನೆಯಲ್ಲೇ ಇರಲಿ.

ನೀರಿನ ಮಾತು ಬಚ್ಚಪ್ಪನಿಗೆ ಸೇರಿದ್ದು. ಅನ್ನದ ಮಾತನ್ನು ಮುನಿನಾರಾಯಣಮ್ಮ ತನ್ನ ತಲೆಯ ಮೇಲೆ ಹೊತ್ತುಕೊಂಡಳು. ದಿನವೂ ಎಮ್ಮೆ ಕರೆದು, ಮುದ್ದೆ ತೊಳಸಿ, ಮುತ್ತುಗದ ಎಲೆಯಲ್ಲಿ ಸುತ್ತಿ, ಸೊಪ್ಪಿನ ಸಾರಿನ ತಂಬಿಗೆಯನ್ನು ಬಟ್ಟೆಯಲ್ಲಿ ಕಟ್ಟಿ, ಮೊಸರಿನ ಕುಕ್ಕೆಯ ಜೊತೆಗಿಟ್ಟುಕೊಂಡು ಬಂಗಾರಪೇಟೆಗೆ ನಡೆಯುತ್ತಿದ್ದಳು. ರೈಲ್ವೆ ಮನೆಗಳಿಗೆ ಮೊಸರು ಹಾಕಿ, ಆಮೇಲೆ ಪಾದ್ರಿಗಳ ತೋಟಕ್ಕೆ.

ವೇದಶಾಲೆಯೆಂದರೆ ಹೆಂಚಿನ ಒಂದು ಉದ್ದನೆಯ ಕಟ್ಟಡ, ಹಿಂದೆ ಅಡುಗೆಮನೆ, ಬಾವಿ. ಓದುವವರಲ್ಲಿ ಹೆಚ್ಚಿನವರು ಊರಿನವರು ಮುಟ್ಟಿಸಿಕೊಳ್ಳದ ಕುಲಗಳವರು, ಗಣಿಯ ಕೂಲಿಗಳ ಲೈನ್‌ಮನೆಗಳ ಹುಡುಗರು. ಅಡುಗೆಯವಳು ಉರಿಗಾಂ ಲೈನಿನ ಮಾರಿಯಮ್ಮ. ಗಂಡ ಗಣಿಯಲ್ಲಿ ಸತ್ತ ಮೇಲೆ ಇಲ್ಲಿ ಸೇರಿದವಳು. ಮೊದಲ ದಿನ ಬುತ್ತಿಯನ್ನು ಜಗಲಿಯ ತುದಿಯಲ್ಲಿಟ್ಟು ಮುನಿನಾರಾಯಣಮ್ಮ, “ಮುಟ್ಟಬ್ಯಾಡ ತಾಯಿ,” ಎಂದಾಗ ಮಾರಿಯಮ್ಮ ನಕ್ಕುಬಿಟ್ಟಳು.

“ನಾನು ಮುಟ್ಟಲ್ಲ ಅಮ್ಮಾ. ಕಾಗೆ ಮುಟ್ಟಿದ್ರೆ ಏನ್ಮಾಡ್ಲಿ? ಅದು ಯಾವ ಜಾತಿನೋ ಕೇಳ್ಬೇಕಲ್ಲ!”

ಮರುದಿನದಿಂದ ಪಾಠ ಮುಗಿದು ಬಚ್ಚಪ್ಪ ಬರುವ ತನಕ ಮಾರಿಯಮ್ಮ ಮೊರ ಹಿಡಿದು, ಅಕ್ಕಿ ಆರಿಸುತ್ತ, ಬುತ್ತಿಗೆ ಕಾಗೆ ಎರಗದಂತೆ ದೂರದಲ್ಲಿ ಕೂರುತ್ತಿದ್ದಳು. ಬೇವಿನ ನೆರಳಿನಲ್ಲಿ ಒಂದು ಮಣೆ ಹಾಕಿ, ಮುನಿನಾರಾಯಣಮ್ಮ ಕೂರಲೆಂದು ತಾನೇ ಬಿಸಿಲಿಗೆ ಸರಿಯುತ್ತಿದ್ದಳು. ಮಾರಾಟವಾಗಿ ಉಳಿದ ಮೊಸರನ್ನು ಮುನಿನಾರಾಯಣಮ್ಮ ಅವಳ ಗಡಿಗೆಗೆ ಮೇಲಿನಿಂದ ಹುಯ್ಯುವಳು. ಮೊದಮೊದಲು ತಳದಲ್ಲಿದ್ದದ್ದನ್ನು; ಕೆಲವು ವಾರದ ಮೇಲೆ, ಮಾರುವುದಕ್ಕೆ ಮುಂಚೆಯೇ ಒಂದು ಪಾಲನ್ನು ತೆಗೆದಿಟ್ಟು.

ಶನಿವಾರ ಬಚ್ಚಪ್ಪ ಮನೆಗೆ ಬರುತ್ತಿದ್ದ. ಸೋಮವಾರ ಶಾಲೆಯ ಅಯ್ಯನವರ ಮುಂದೆ ಮಾಡಬೇಕಾದ ಉಪದೇಶವನ್ನು ಕೊಟ್ಟಿಗೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದ. ಕೈಯೆತ್ತಿ, ಧ್ವನಿಯೇರಿಸಿ, ಮರೆತರೆ ಮತ್ತೆ ಮೊದಲಿನಿಂದ.

“ನಿಲ್ಸೋ ಮಾರಾಯ,” ಎಂದು ಬೈರಪ್ಪ ಕೂಗಿದ. “ಎಮ್ಮೆ ನಿನ್ನ ಮಕ ನೋಡ್ಕಂಡು ನಿಂತೈತೆ. ಹಾಲು ಇಳೀತಿಲ್ಲ.”

“ಎಮ್ಮೆಗೆ ಏಳೋದ್ರಲ್ಲಿ ಅರ್ಧ ನಂಗೇಳಿದ್ರೆ ಸಾಕಿತ್ತು,” ಎಂದು ಅಕ್ಕಯ್ಯಮ್ಮ ರೊಟ್ಟಿ ತಟ್ಟುತ್ತಲೇ ಅಂದಳು.

ಬಚ್ಚಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. “ಏನೇಳ್ಬೇಕು, ಕೇಳು.”

“ನೀರಾಕ್ಕಂತೀಯೋ ಇಲ್ವೋ?”

“ಉಗಾದಿ ಬರ್ಲಿ.”

“ಉಗಾದಿ ತಾನಾಗೇ ಬತ್ತದೆ. ನೀನು ಬತ್ತೀಯಾ?”

ಅವನು ಸುಬ್ಬಿಯನ್ನೆತ್ತಿ ಹೆಗಲ ಮೇಲೆ ಕೂರಿಸಿಕೊಂಡು ಬಾವಿಯ ಕಡೆಗೆ ಹೋದ. ಅವನ ಕಾಲು ಎಳೆದಾಗಲೆಲ್ಲ ಮಗು ಒಂದು ಕಡೆಗೆ ವಾಲಿ, ಅದನ್ನೇ ಆಟವೆಂದುಕೊಂಡು ಕಿಲಕಿಲ ನಗುತ್ತಿತ್ತು. ಅಕ್ಕಯ್ಯಮ್ಮ ರೊಟ್ಟಿ ಮಗುಚುವುದನ್ನು ಮರೆತು ನೋಡುತ್ತಿದ್ದಳು. ಸೀದ ರೊಟ್ಟಿಯನ್ನು ಅವಳೇ ತಿಂದಳು.

ಸಂಕ್ರಾಂತಿ ಕಳೆದು ಅವರೆಕಾಯಿ ಇಳಿಯುವ ಕಾಲ. ಒಂದು ಶನಿವಾರ ಬಚ್ಚಪ್ಪ ಸೊರಗಿದ ಮುಖ ಮಾಡಿಕೊಂಡು ಬಂದ. ಓದುವವರನ್ನು ಇಬ್ಬಿಬ್ಬರಾಗಿ ಹಳ್ಳಿಗಳಿಗೆ ಉಪದೇಶಕ್ಕೆ ಕಳಿಸುವುದಕ್ಕೆ ಮುಂಚೆ ಶಾಲೆಯಲ್ಲಿ ಒಂದು ಪ್ರೀತಿಭೋಜನ ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಶಾಲೆಯ ಹಿರಿಯ ಪಾದ್ರಿ ಸತ್ಯನಾಥಯ್ಯನವರು ಬಚ್ಚಪ್ಪನನ್ನು ಕರೆದು, “ಜೊತೆಯಲ್ಲಿ ಉಣ್ಣಲಾರದವನು ಜೊತೆಯಲ್ಲಿ ಸಾರುವುದು ಹೇಗಪ್ಪ? ನಿನಗೆ ಬಲವಂತವಿಲ್ಲ. ಆದರೆ ಆಗದಿದ್ದರೆ ಈ ಓದನ್ನು ಬಿಟ್ಟುಬಿಡು,” ಎಂದಿದ್ದರು.

“ಬಿಟ್ಬುಡು ಮತ್ತೆ,” ಎಂದ ಬೈರಪ್ಪ. “ದೇವ್ರೇ ದಾರಿ ತೋರ್ಸವ್ನೆ.”

“ಅಪ್ಪ, ಓದು ಬಿಟ್ಟು ನಾನಿನ್ನೇನ್ಮಾಡ್ಲಿ? ಗಣಿಗೆ ಈ ಕಾಲಲ್ಲಿ ಯಾರು ಸೇರಿಸ್ಕಂತಾರೆ?”

“ನೇಗಿಲಿಗೆ ಎತ್ತಿನ ಕಾಲಿದ್ರೆ ಸಾಕು ಕಣ್ಲಾ.”

“ಮನಸ್ಸು ಬೇಕಲ್ಲಪ್ಪ.”

ಮುನಿನಾರಾಯಣಮ್ಮ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

“ಅಷ್ಟೂ ಜನಕ್ಕೂ ನಾನೇ ಮಾಡಿ ಬಡಿಸಿದ್ರೆ?”

ಎಲ್ಲರೂ ಅವಳನ್ನು ನೋಡಿದರು.

“ನನ್ನ ಮಡಕೆ, ನನ್ನ ಬೇಳೆ, ನನ್ನ ಕೈ. ಅವ್ರ ಜತೇಲಿ ಉಂಡಂಗೂ ಆಯ್ತು, ನಮ್ಮನೆ ಅನ್ನ ಬಿಟ್ಟು ಬೇರೆ ಮುಟ್ಟಿಲ್ಲ ಅಂತನೂ ಆಯ್ತು. ಕಟ್ಟು ಎಲ್ಲಿ ಮುರೀತು?”

ಬಚ್ಚಪ್ಪ ತಾಯಿಯನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದು, ಅವಳ ಮುಖದಲ್ಲಿದ್ದ ಸಂತೋಷವನ್ನು ಕಂಡು ಮುಚ್ಚಿಕೊಂಡ. ಅಕ್ಕಯ್ಯಮ್ಮ ಮೊರವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. “ಅತ್ತೆ, ಈ ಬೇಳೆ ಸಾಲಲ್ಲ. ಇನ್ನೊಂದು ಬುಟ್ಟಿ ಕಾಯಿ ಬಿಡಿಸ್ಬೇಕು.”

ಆ ಸಂಜೆಯೆಲ್ಲ ಮನೆಮಂದಿ ಅವರೆ ಹಿತುಕಿದರು. ಬೈರಪ್ಪನೂ ಗೊಣಗುತ್ತಲೇ ಬಂದು ಕೂತ. “ಈ ಸಾರು ಉಂಡ ಮ್ಯಾಲೆ ಪಾದ್ರೀನೇ ನಮ್ ಕುಲಕ್ಕೆ ಸೇರ್ಕಂತೀನಿ ಅಂತಾನೆ, ನೋಡ್ತಿರು,” ಎಂದ. ಅಕ್ಕಯ್ಯಮ್ಮ ನಕ್ಕಳು. ಬಚ್ಚಪ್ಪ ಶಾಲೆಗೆ ಸೇರಿದಂದಿನಿಂದ ಅವಳು ಹಾಗೆ ನಕ್ಕಿರಲಿಲ್ಲ.

ಭೋಜನದ ದಿನ ಮುನಿನಾರಾಯಣಮ್ಮ ಪಾದ್ರಿಗಳ ತೋಟದಲ್ಲಿ ಬೇವಿನ ಕೆಳಗೆ ಮೂರು ಕಲ್ಲು ಹೂಡಿದಳು. ತಾನೇ ನೀರು ಸೇದಿದಳು. ಮಾರಿಯಮ್ಮ ಒಲೆಯ ಹತ್ತಿರ ಬರದೆ, ದೂರದಲ್ಲಿ ಸೌದೆ ಸೀಳಿ, ಒಂದೊಂದನ್ನೇ ಒಲೆಯ ಕಡೆಗೆ ಉರುಳಿಸುತ್ತಿದ್ದಳು. ಎಲೆ ಹಾಸಿದಾಗ ಅವಳು ಹಿಂದಕ್ಕೆ ಸರಿದಳು. ಸತ್ಯನಾಥಯ್ಯನವರೇ, “ನೀನೂ ಕೂರಮ್ಮ, ಇವತ್ತು ನಿನಗೆ ರಜ,” ಎಂದು ಕೂರಿಸಿದರು. ಅವಳ ಪಕ್ಕದಲ್ಲಿ ಬಚ್ಚಪ್ಪ ಕೂತ. ಅವನ ಆಚೆಗೆ ಲೈನಿನ ಹುಡುಗರು.

ಮುನಿನಾರಾಯಣಮ್ಮ ಸೌಟು ಯಾವ ಎಲೆಗೂ ತಾಗದ ಹಾಗೆ ಮೇಲಿನಿಂದಲೇ ಬಡಿಸಿದಳು. ಮಾರಿಯಮ್ಮನ ಎಲೆಯ ಮುಂದೆ ಬಂದಾಗ ಅವಳು ತಲೆ ತಗ್ಗಿಸಿಕೊಂಡು ಮೆಲ್ಲಗೆ ಅಂದಳು: “ಮದುವೆ ದಿವಸ ಬಿಟ್ರೆ ನಂಗ್ಯಾರೂ ಕೂರಿಸಿ ಬಡಿಸಿರ್ಲಿಲ್ಲ ಅಮ್ಮಾ.” ಮುನಿನಾರಾಯಣಮ್ಮ ಇನ್ನೊಂದು ಸೌಟು ಸಾರು ಹುಯ್ದಳು.

ಕೋದಂಡಪ್ಪ ಮತ್ತು ಯಜಮಾನ ಅಶ್ವತ್ಥಪ್ಪ ಸುಬ್ಬಿಯ ಕಿವಿ ಚುಚ್ಚುವುದಕ್ಕೆ ದಿನ ನೋಡಲು ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ಊಟವಾಯಿತು. ಎಲೆ ಅಡಿಕೆ ಹಾಕಿಕೊಳ್ಳುತ್ತ ಕೋದಂಡಪ್ಪ ಕೇಳಿದ: “ಏಮಮ್ಮ, ನಮ್ ಅಳಿಯಂದಿರ ಊಟ ಎಂಗೆ ನಡೀತೈತೆ? ಪಾದ್ರಿ ಕೋಳಿ ರುಚಿ ಅತ್ತಿಸ್ಲಿಲ್ಲ ತಾನೆ?”

ಮುನಿನಾರಾಯಣಮ್ಮ ಈ ಪ್ರಶ್ನೆಗೆ ಕಾದಿದ್ದವಳಂತೆ ಅಡುಗೆಮನೆಯಿಂದ ಹೊರಗೆ ಬಂದಳು.

“ಮುತ್ಯಾಲಮ್ಮನ ಆಣೆ ಅಣ್ಣ, ನನ್ನ ಕೈ ಅನ್ನ ಬಿಟ್ಟು ಒಂದು ಅಗಳು ಮುಟ್ಟಿಲ್ಲ. ಮೊನ್ನೆ ಅಲ್ಲಿ ಎಲ್ರಿಗೂ ಊಟ ಅಂತ ಇಟ್ಟಿದ್ರು. ಅಲ್ಲೂ ಅವ್ರ ಅಡ್ಗೆ ಉಣ್ಣಕ್ಕೆ ಬಿಡ್ಲಿಲ್ಲ ನಾನು. ನಮ್ಮನೆ ಮಡಕೆ ಒತ್ಕಂಡೋಗಿ, ನಾನೇ ನೀರು ಸೇದಿ, ಹಿತಕಿದ ಬೇಳೆ ಸಾರು ಮಾಡಿ, ಎಲ್ರಿಗೂ ನಾನೇ ಬಡಿಸ್ದೆ. ಪಾದ್ರಿ ಆದಿಯಾಗಿ ಎಲ್ರೂ ನನ್ನ ಕೈ ಊಟನೇ ಉಂಡ್ರು!”

ಅಶ್ವತ್ಥಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಬೈರಪ್ಪನಿಗೆ ಒಡನೆಯೇ ತಿಳಿಯಿತು. “ಒಳಗೋಗೇ,” ಎಂದ. ಅವಳು ಹೋಗಲಿಲ್ಲ.

“ಬಚ್ಚಪ್ಪ ಎಲ್ಲಿ ಉಂಡ ತಾಯಿ?” ಎಂದು ಯಜಮಾನ ಮೆತ್ತಗೆ ಕೇಳಿದ. “ಬ್ಯಾರೆ ಕಡೆ ಕೂತಿದ್ನಾ?”

“ಇಲ್ಲ, ಅಲ್ಲೇ... ಎಲ್ರ ಜತೇಲಿ...”

“ಅಕ್ಕಪಕ್ಕ ಯಾರಿದ್ರು?”

ಆಗ ಅವಳಿಗೆ ಅರ್ಥವಾಯಿತು. ಬದುಕಿಡೀ ಒಲೆಯ ಮುಂದೆ ಕೂತವಳು ಯಾರ ಕೈ ಬೇಯಿಸಿತು ಎಂಬುದೊಂದನ್ನೇ ಕಾದಿದ್ದಳು. ಯಾರ ಪಂಕ್ತಿಯಲ್ಲಿ ಕೂತ ಎಂಬುದನ್ನು ಗಂಡಸರು ನೋಡುತ್ತಾರೆ. ಜಗಲಿಯ ಆ ಲೆಕ್ಕ ಅವಳಿಗೆ ಹೊಳೆದೇ ಇರಲಿಲ್ಲ. ಸೆರಗಿನ ಅಂಚು ಹಿಡಿದು ನಿಂತಳು. ಬಾಗಿಲ ಹಿಂದೆ ಅಕ್ಕಯ್ಯಮ್ಮನ ಬಳೆಗಳ ಸದ್ದು ನಿಂತಿತ್ತು.

ಬಚ್ಚಪ್ಪನನ್ನು ಕರೆಸಿದರು. ಅರಳಿಕಟ್ಟೆಯಲ್ಲಿ ಕುಲದವರೆಲ್ಲ ಸೇರಿದರು.

“ನಂಗೆ ಜ್ವರ ಬಂದಿತ್ತು ಅಂತೀನಿ. ಏನೇನೋ ಬಡಬಡಿಸ್ದೆ ಅಂತೀನಿ. ನೀನು ಕೂರ್ಲಿಲ್ಲ ಅನ್ನು, ಮಗನೇ,” ಎಂದು ಮುನಿನಾರಾಯಣಮ್ಮ ದಾರಿಯುದ್ದಕ್ಕೂ ಅವನ ಹಿಂದೆ ನಡೆದಳು.

“ಕೂತಿದ್ದೆ,” ಎಂದ ಬಚ್ಚಪ್ಪ, ಯಜಮಾನ ಕೇಳಿದ ಕೂಡಲೇ.

ಅಶ್ವತ್ಥಪ್ಪ ಕೆಟ್ಟವನಲ್ಲ. ಕೋದಂಡಪ್ಪ ಎದ್ದು ನಿಂತು ಕೂಗಾಡಿದರೂ ಅವನನ್ನು ತೋಳು ಹಿಡಿದು ಕೂರಿಸಿದ. “ಹುಡುಗ ಸುಳ್ಳೇಳ್ಲಿಲ್ಲ. ಅದಕ್ಕೆ ಒಂದು ದಾರಿ ಇರ್ಲಿ. ಶಾಲೆ ಬಿಡ್ಲಿ. ತಲೆ ಬೋಳಿಸ್ಲಿ. ಚಿನ್ನ ಕಾಯಿಸಿ ನಾಲಗೆಗೆ ಮುಟ್ಟಿಸ್ಕಳ್ಳಿ. ಕುಲದೋರ ಮುಂದೆ, ಅವರ ಜತೆ ಕೂತು ಉಂಡಿದ್ದು ತಪ್ಪಾಯ್ತು ಅನ್ಲಿ. ಅಲ್ಲಿಗೆ ಮುಗೀತು.”

“ಶಾಲೆ ಬಿಡ್ತೀನಿ,” ಎಂದ ಬಚ್ಚಪ್ಪ. ತಾಯಿಯ ಉಸಿರು ಸಡಿಲವಾಯಿತು. “ತಲೇನೂ ಬೋಳಿಸ್ಕಂತೀನಿ. ತಪ್ಪಾಯ್ತು ಅನ್ನೋದೊಂದು ಬ್ಯಾಡ, ಯಜಮಾನ್ರೇ.”

“ಯಾಕ್ಲಾ?” ಎಂದು ಬೈರಪ್ಪ ಮಗನ ಹತ್ತಿರ ಬಂದ. “ಒಂದು ಮಾತು ಕಣೋ. ಎಮ್ಮೆ ಮುಂದೆ ಅಷ್ಟೊಂದು ಏಳ್ದೋನು ನೀನು!”

“ಬಂಡೆ ಬಿದ್ದ ದಿವಸ ಒಳಗೆ ಕತ್ತಲಲ್ಲಿ ನನ್ನ ಪಕ್ಕ ಲೈನಿನೋನೊಬ್ಬ ಬಿದ್ದಿದ್ದ, ಅಪ್ಪ. ಅವನ ತಗಡಿನ ಡಬ್ಬೀಲಿದ್ದ ನೀರು ನಂಗೆ ಕುಡಿಸ್ದ. ಅವನಿಗೆ ಉಳೀಲಿಲ್ಲ. ಅವರ ಜತೆ ಕೂತಿದ್ದು ತಪ್ಪು ಅಂತ ನಾಲಗೆ ತಿರುಗಲ್ಲ.”

ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದು ಕುಲದವರ ಕಿವಿಗೆ ಇನ್ನೊಂದು ಅಪರಾಧವಾಗಿ ಬಿತ್ತು. ಕೋದಂಡಪ್ಪ ಗಾಡಿ ಹೂಡಲು ಹೋದ.

ಅಕ್ಕಯ್ಯಮ್ಮ ಗಾಡಿ ಹತ್ತುವುದಕ್ಕೆ ಮುಂಚೆ ಸುಬ್ಬಿಯನ್ನು ಸೊಂಟಕ್ಕೆ ಇರಿಸಿಕೊಂಡು ಗಂಡನ ಮುಂದೆ ಬಂದು ನಿಂತಳು. ಅವಳು ಅಳುತ್ತಿರಲಿಲ್ಲ.

“ಅವ್ರಿಗೆಲ್ಲ ಪಕ್ಕದಲ್ಲಿ ಜಾಗ ಕೊಟ್ಟೆ. ನಂಗೆ ಒಂದು ಮಾತು ಕೊಡಕ್ಕಾಗ್ಲಿಲ್ಲ, ಅಲ್ವಾ?”

ಬಚ್ಚಪ್ಪ ಮಗುವಿನ ಕಡೆಗೆ ಕೈ ಚಾಚಿದ. ಮಗು ಅವನ ಹೆಗಲಿಗೆ ಬರಲು ಎರಡೂ ಕೈ ಎತ್ತಿತು. ಕೋದಂಡಪ್ಪ ಮಗಳನ್ನು ಗಾಡಿಗೆ ಹತ್ತಿಸಿದ.

ಬಚ್ಚಪ್ಪ ಶಾಲೆಗೆ ಹಿಂದಿರುಗಿದ. ಊರಲ್ಲಿ ಆ ಮನೆಗೆ ಕ್ಷೌರದವನು ಬರಲಿಲ್ಲ, ಅಗಸ ಬರಲಿಲ್ಲ. ಬಾವಿಯಲ್ಲಿ ಮುನಿನಾರಾಯಣಮ್ಮ ಕೊಡ ಇಟ್ಟರೆ ಉಳಿದವರು ತಮ್ಮದನ್ನು ಎತ್ತಿಕೊಂಡು ಹೋಗುವರು. ಪಕ್ಕದ ಮನೆಯ ಚಿಕ್ಕಮುನಿಯಮ್ಮ ಮಾತ್ರ ಮುಸುಕು ಹೊತ್ತುಕೊಂಡು ಬಂದು ಹಿತ್ತಿಲ ಬೇಲಿಯಾಚೆ ಎರಡು ಕೊಡ ನೀರಿಟ್ಟು, ಯಾರನ್ನೂ ಕೂಗದೆ ಹೋಗಿಬಿಡುತ್ತಿದ್ದಳು.

ಬೈರಪ್ಪ ಉಣ್ಣಲು ಕೂತರೆ ತಟ್ಟೆ ದೂಡಿ ಏಳುವನು.

“ಯಾರು ಕೇಳಿದ್ರೇ ನಿನ್ನ? ಕೋಳಿ ರುಚಿ ಅತ್ತಿಸ್ಲಿಲ್ಲ ಅಂದ್ರೆ ಇಲ್ಲ ಅಂದು ಒಳಗೋಗ್ಬೇಕಿತ್ತು.”

“ಒಳ್ಳೇದು ಅಂತ ಏಳ್ದೆ.”

“ಒಳ್ಳೇದಂತೆ! ಮನೆ ದೀಪ ಆರ್ಸಿದ್ಯಲ್ಲೇ.”

ಅವಳು ಬುತ್ತಿ ಕಟ್ಟುವುದನ್ನು ಬಿಟ್ಟಿದ್ದಳು. ಇನ್ನು ಯಾರಿಗೆ ಆಣೆಯಿಟ್ಟು ಹೇಳಬೇಕು? ಸುಬ್ಬಿ ಹಿಡಿದು ನಡೆಯುತ್ತಿದ್ದ ಗೋಡೆಗೆ ಯುಗಾದಿಗೆಂದು ಸುಣ್ಣ ಕಲಸಿದವಳು, ಮಗುವಿನ ಮಸಿಗೈ ಮೂಡಿದ ಕಡೆ ಬಂದಾಗ ಕುಂಚ ತೊಳೆದಿಟ್ಟುಬಿಟ್ಟಳು.

ಅತ್ತ ಬಚ್ಚಪ್ಪನನ್ನು ಇನ್ನೊಬ್ಬ ಹುಡುಗನ ಜೊತೆಗೆ ಬಂಗಾರಪೇಟೆಯ ಸಂತೆಗೆ ಉಪದೇಶಕ್ಕೆ ಕಳಿಸಿದ್ದರು. ಅವನು ಚೆನ್ನಾಗಿಯೇ ಮೊದಲುಮಾಡಿದನಂತೆ. ಕಡಲೆಪುರಿ ಕೊಳ್ಳುತ್ತಿದ್ದ ಒಬ್ಬ ಹೆಂಗಸಿನ ಸೊಂಟದಲ್ಲಿದ್ದ ಮಗು ಅವನ ಕಡೆಗೆ ಕೈ ಎತ್ತಿತಂತೆ. ಮಾತು ನಿಂತಿತು. ಜೊತೆಯ ಹುಡುಗ ಮೆಲ್ಲಗೆ ಮುಂದಿನ ವಾಕ್ಯ ಹೇಳಿಕೊಟ್ಟ. ಬಚ್ಚಪ್ಪ ಪುಸ್ತಕವನ್ನು ಅವನ ಕೈಗೆ ಕೊಟ್ಟು, ಸಂತೆಯ ಮೂಲೆಯಲ್ಲಿ ಕೂತಿದ್ದ ಕ್ಷೌರದವನ ಮುಂದೆ ಹೋಗಿ ತಲೆ ಬಗ್ಗಿಸಿ ಕುಳಿತ.

ಬೋಳು ತಲೆಯಲ್ಲಿ ಅವನು ಅಂಗಳಕ್ಕೆ ಬಂದಾಗ ಮುನಿನಾರಾಯಣಮ್ಮನಿಗೆ ಮೊದಲು ಗುರುತೇ ಸಿಗಲಿಲ್ಲ.

“ಆ ಮಾತು ಏಳ್ತೀನಮ್ಮ,” ಎಂದ. “ಸುಬ್ಬೀನ ಕರ್ಕಂಬರಾಣ.”

ಅರಳಿಕಟ್ಟೆಯಲ್ಲಿ ಅವನು ಆ ಮಾತು ಹೇಳಿದ. ಅವರ ಜತೆ ಕೂತು ಉಂಡಿದ್ದು ತಪ್ಪಾಯ್ತು. ಸಾಲದು, ಗಟ್ಟಿಯಾಗಿ ಎಂದರು. ಗಟ್ಟಿಯಾಗಿ ಹೇಳಿದ. ಅಶ್ವತ್ಥಪ್ಪ ಕಾದ ಚಿನ್ನದ ಉಂಗುರವನ್ನು ಅವನ ನಾಲಗೆಗೆ ಮುಟ್ಟಿಸಿದಾಗ, ಸುಡದಿರಲೆಂದು ಮುಂಚೆಯೇ ಊದಿ ಊದಿ ಆರಿಸಿದ್ದ. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು. ಆ ಸುದ್ದಿ ಸಂಜೆಯ ಹೊತ್ತಿಗೆ ಬಂಗಾರಪೇಟೆ ಮುಟ್ಟಿತು.

ಮರುದಿನ ಬೈರಪ್ಪ ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಮಗನನ್ನು ಕೂರಿಸಿಕೊಂಡು ಬೀಗರ ಊರಿಗೆ ಹೊರಟ. ಮುನಿನಾರಾಯಣಮ್ಮ ಮಗುವಿಗೆಂದು ಕಡಲೆ, ಬೆಲ್ಲ ಕಟ್ಟಿಕೊಟ್ಟಳು. ಹೊತ್ತು ಮುಳುಗುವುದಕ್ಕೆ ಮುಂಚೆ ಗಾಡಿ ಹಿಂದಿರುಗಿತು. ಹಾಸಿದ ಕಂಬಳಿಯ ಮೇಲೆ ಯಾರೂ ಇರಲಿಲ್ಲ. ಬಚ್ಚಪ್ಪ ಗಾಡಿಯ ಹಿಂದೆ ನಡೆದು ಬರುತ್ತಿದ್ದ.

“ಅಕ್ಕಯ್ಯಮ್ಮನ್ನ ಇನ್ನೊಬ್ಬನಿಗೆ ಕೊಟ್ಬುಟ್ಟವ್ರೆ,” ಎಂದ ಬೈರಪ್ಪ, ನೊಗ ಇಳಿಸುತ್ತ. “ಹೋದ ವಾರನೇ. ಮದನಪಲ್ಲಿ ಕಡೆಯೋನು, ಹೆಂಡ್ತಿ ಸತ್ತೋನು. ಕೂಡಾವಳಿ ಮದ್ವೆ ಮಾಡ್ಬುಟ್ರು.”

“ಮಗು?”

“ತಾಯಿ ಜತೇಲೇ ಹೋಯ್ತು. ಕೋದಂಡಪ್ಪನೂ ಅಳ್ತಾ ಕೂತವ್ನೆ. ‘ಬಾವಾ, ಎಂಟು ದಿವಸ ಮುಂಚೆ ಬರ್ಬಾರ್ದಿತ್ತಾ’ ಅಂತಾನೆ.”

ಬಚ್ಚಪ್ಪ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲೆ ಹೊಲಕ್ಕೂ ಹೋಗಲಿಲ್ಲ, ಶಾಲೆಗೂ ಹೋಗಲಿಲ್ಲ. ಶಾಲೆಗೆ ಯಾವ ಮುಖದಲ್ಲಿ ಹೋಗಲಿ ಎಂದು ಒಮ್ಮೆ ತಾಯಿಯನ್ನು ಕೇಳಿದ. ಬೈರಪ್ಪ ಈಗ ಬಯ್ಯುತ್ತಿರಲಿಲ್ಲ. ಮಗನಿಗೆಂದು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಕೈಯಲ್ಲಿ ಹಿಡಿದುಕೊಂಡು, “ಒಂದು ತುತ್ತು ನುಂಗ್ಲಾ,” ಎನ್ನುತ್ತ ಪಕ್ಕದಲ್ಲೇ ಕೂರುತ್ತಿದ್ದ.

ಶಾಲೆಯಲ್ಲಿದ್ದ ಅವನ ಟ್ರಂಕು ತರಲು ಮುನಿನಾರಾಯಣಮ್ಮನೇ ಹೋದಳು. ತೋಟದ ಬಾಗಿಲಲ್ಲಿ ಕಾಲು ತಡೆಯಿತು. ಮಾರಿಯಮ್ಮ ಅವಳನ್ನು ಕಂಡು ಅಡುಗೆಮನೆಯಿಂದ ಬಂದಳು. ಟ್ರಂಕು ಆಗಲೇ ಜಗಲಿಯ ಮೇಲಿತ್ತು. ಬಚ್ಚ‍ಪ್ಪನ ಅಂಗಿ ಪಂಚೆಗಳನ್ನು ಒಗೆದು, ಮಡಿಸಿ, ಒಳಗಿಟ್ಟಿದ್ದಳು.

“ತಂಬಿ ಏಳಿದ್ರಂತೆ ಅಮ್ಮಾ, ಕಟ್ಟೆ ಮೇಲೆ. ನಮ್ಮ ಜತೆ ಕೂತಿದ್ದು ತಪ್ಪು ಅಂತ.”

“ಏಳ್ದ, ತಾಯಿ.”

“ಕೇಳಿ ನಂಗೆ ಅನ್ನ ಇಳೀಲಿಲ್ಲ. ಹುಡುಗ್ರೆಲ್ಲ ಅತ್ತರು. ಆಮೇಲೆ ನಾನೇ ಅವ್ರಿಗೆ ಬುದ್ಧಿ ಏಳ್ದೆ: ಓಗ್ಲಿ ಬಿಡ್ರಪ್ಪ, ಆ ಮಾತಿಂದ ಒಂದು ಮಗು ಅಪ್ಪನ ಮನೆಗೆ ಬಂತಲ್ಲ, ನಮಗೇನು ಕಡಿಮೆ ಆಯ್ತು, ಅಂತ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಗಲು ನೋಡಿದಳು. “ಎಂಗಿದಾಳೆ ಅಮ್ಮಾ, ಸುಬ್ಬಿ?”

ಮುನಿನಾರಾಯಣಮ್ಮ ಟ್ರಂಕಿನ ಹಿಡಿ ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು.

“ಬರ್ಲಿಲ್ಲ ಮಾರಿಯಮ್ಮ,” ಎಂದಳು. “ಮಗು ಬರ್ಲಿಲ್ಲ.”